ಸ್ಕಿಜೋಫ್ರೇನಿಯಾ ಇರುವವರ ಮೆದುಳಿನಲ್ಲಿ ಜೀನ್‌ಗಳು ಬೇರೆ ರೀತಿ ಕೆಲಸ ಮಾಡುತ್ತವೆಯೇ? ಮನೆಯವರು ಏನು ತಿಳಿದಿರಬೇಕು?

ಹೊಳೆದಂಡೆ

ಎಲ್ಲರಿಗೂ ನಮಸ್ಕಾರ. ನನ್ನ ಅಣ್ಣನಿಗೆ ಸ್ಕಿಜೋಫ್ರೇನಿಯಾ ಇದೆ. ಬಹಳ ವರ್ಷಗಳಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ, ತೋಟದ ಕೆಲಸವನ್ನೆಲ್ಲ ಅವನೇ ನೋಡಿಕೊಳ್ಳುತ್ತಾನೆ. ಈಗ ಅವನ ಮಗಳಿಗೆ ಗಂಡು ನೋಡುತ್ತಿದ್ದೇವೆ. ಒಂದು ಕಡೆ ಎಲ್ಲವೂ ಒಪ್ಪಿಗೆಯಾದ ಮೇಲೆ, ಗಂಡಿನ ಮನೆಯವರು ಹುಡುಗಿಯ ಜೀನ್ ಪರೀಕ್ಷೆಯ ವರದಿ ಕೇಳಿದ್ದಾರೆ. ಜೊಲ್ಲಿನ ಮಾದರಿ ಕೊಟ್ಟರೆ ಮಾನಸಿಕ ಕಾಯಿಲೆ ಬರುತ್ತದೆಯೋ ಇಲ್ಲವೋ ತಿಳಿಸುತ್ತೇವೆ ಎನ್ನುವ ಒಂದು ಖಾಸಗಿ ಪ್ರಯೋಗಾಲಯದ ಜಾಹೀರಾತನ್ನೂ ಅವರೇ ಕಳುಹಿಸಿದ್ದಾರೆ.

ಅದೇ ಸಮಯಕ್ಕೆ, ಈ ಕಾಯಿಲೆ ಇರುವವರ ಮೆದುಳಿನಲ್ಲಿ ನೂರಾರು ಜೀನ್‌ಗಳು ಸರಿಯಾಗಿ ಕೆಲಸ ಮಾಡುವುದಿಲ್ಲ ಎಂಬ ಲೇಖನವೊಂದನ್ನು ಓದಿದೆ. ಅಣ್ಣನ ಮೆದುಳಿನಲ್ಲಿ ಏನೋ ಶಾಶ್ವತವಾಗಿ ನಿಂತುಹೋಗಿದೆ ಎಂದು ಇದರ ಅರ್ಥವೇ? ಅದು ಮಗಳಿಗೂ ಹೋಗಿರುತ್ತದೆಯೇ? ಬಲ್ಲವರು ಸಮಾಧಾನವಾಗಿ ವಿವರಿಸಿದರೆ ನಮ್ಮ ಮನೆಯವರಿಗೆಲ್ಲ ಓದಿ ಹೇಳುತ್ತೇನೆ.

ತುಂಗಾ (ಸಂಶೋಧಕಿ)

ನಮಸ್ಕಾರ. ಮೆದುಳಿನ ಆರ್‌ಎನ್‌ಎ ಮೇಲೆಯೇ ನನ್ನ ಕೆಲಸ, ಆದ್ದರಿಂದ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ನಮ್ಮ ದೇಹದ ಬಹುತೇಕ ಎಲ್ಲ ಜೀವಕೋಶಗಳಲ್ಲಿಯೂ ಇರುವ ಡಿಎನ್‌ಎ ಒಂದೇ. ಪ್ರೋಟೀನ್ ತಯಾರಿಸುವ ಜೀನ್‌ಗಳು ಅದರಲ್ಲಿ ಸುಮಾರು 20,000 ಇವೆ. ಹಾಗಿದ್ದರೂ ಯಕೃತ್ತಿನ ಕೋಶ ಬೇರೆ, ನರಕೋಶ ಬೇರೆ. ಊರಿನ ಎಲ್ಲ ಮನೆಗಳಲ್ಲೂ ಒಂದೇ ಪಂಚಾಂಗ ಇರಬಹುದು. ಮದುವೆ ಮಾಡುವವರು ಮುಹೂರ್ತದ ಪುಟ ತೆಗೆಯುತ್ತಾರೆ, ಬಿತ್ತುವವರು ಮಳೆ ನಕ್ಷತ್ರದ ಪುಟ ತೆಗೆಯುತ್ತಾರೆ. ಯಾವ ಕೋಶ ಯಾವ ಜೀನನ್ನು ಎಷ್ಟು ಬಳಸುತ್ತಿದೆ ಎಂಬುದಕ್ಕೆ ಜೀನ್ ಅಭಿವ್ಯಕ್ತಿ ಎನ್ನುತ್ತೇವೆ. ಬಳಕೆಯಾದ ಜೀನಿನಿಂದ ಆರ್‌ಎನ್‌ಎ ಪ್ರತಿಗಳು ಹುಟ್ಟುತ್ತವೆ, ನಾವು ಎಣಿಸುವುದು ಆ ಪ್ರತಿಗಳನ್ನು.

ನೀವು ಓದಿದ "ನೂರಾರು ಜೀನ್‌ಗಳು" ಎಂಬ ಮಾತಿನ ಹಿಂದೆ ನಿಜವಾದ ಅಧ್ಯಯನಗಳಿವೆ. 2016ರಲ್ಲಿ ಅಮೆರಿಕದ ಕಾಮನ್‌ಮೈಂಡ್ ಎಂಬ ಸಂಶೋಧಕರ ಒಕ್ಕೂಟ, ತೀರಿಕೊಂಡ 258 ಮಂದಿ ಸ್ಕಿಜೋಫ್ರೇನಿಯಾ ರೋಗಿಗಳ ಮತ್ತು ಆ ಕಾಯಿಲೆ ಇಲ್ಲದಿದ್ದ 279 ಮಂದಿಯ ಮೆದುಳಿನ ಮುಂಭಾಗದ ಅಂಗಾಂಶವನ್ನು ಹೋಲಿಸಿತು. ಹದಿನಾರು ಸಾವಿರಕ್ಕೂ ಹೆಚ್ಚು ಜೀನ್‌ಗಳನ್ನು ನೋಡಿದಾಗ 693ರಲ್ಲಿ ವ್ಯತ್ಯಾಸ ಕಂಡಿತು. ಆದರೆ ಆ ವ್ಯತ್ಯಾಸ ಎಷ್ಟು ಎನ್ನುವುದನ್ನು ಲೇಖನಗಳು ಹೇಳುವುದಿಲ್ಲ. ಸರಾಸರಿ ಶೇಕಡ 10ರ ಆಸುಪಾಸು! ಯಾವ ಜೀನೂ ನಿಂತುಹೋಗಿರಲಿಲ್ಲ. ಕೆಲವು ತುಸು ಹೆಚ್ಚು, ಕೆಲವು ತುಸು ಕಡಿಮೆ, ಅಷ್ಟೇ. ಒಬ್ಬ ವ್ಯಕ್ತಿಯ ಮೆದುಳಿನ ಅಂಕಿಗಳನ್ನು ಮಾತ್ರ ನನ್ನ ಮುಂದಿಟ್ಟು ಇವರಿಗೆ ಕಾಯಿಲೆ ಇತ್ತೇ ಎಂದು ಕೇಳಿದರೆ ನಾನು ಖಚಿತವಾಗಿ ಹೇಳಲಾರೆ. ನೂರಾರು ಜನರನ್ನು ಒಟ್ಟಿಗೆ ನೋಡಿದಾಗ ಮಾತ್ರ ಆ ಅಂತರ ಕಣ್ಣಿಗೆ ಬೀಳುತ್ತದೆ.

ಹಾಗಾಗಿ ನಿಮ್ಮ ಅಣ್ಣನ ಮೆದುಳಿನಲ್ಲಿ ಏನೋ ನಿಂತುಹೋಗಿದೆ ಎಂದು ದಯವಿಟ್ಟು ಭಾವಿಸಬೇಡಿ. ಜೀನ್ ಅಭಿವ್ಯಕ್ತಿ ನಿದ್ರೆ, ಒತ್ತಡ, ವಯಸ್ಸು, ಔಷಧಿ ಎಲ್ಲಕ್ಕೂ ಸ್ಪಂದಿಸುತ್ತಾ ಬದಲಾಗುತ್ತಿರುವ ಸಂಗತಿ.

ಅಂಕಿ ನೋಡುವವನು

ತುಂಗಾ ಅವರೇ, ಗೌರವದಿಂದಲೇ ಒಂದು ಆಕ್ಷೇಪಣೆ. ಈ ರೋಗಿಗಳು ದಶಕಗಳ ಕಾಲ ಔಷಧಿ ತೆಗೆದುಕೊಂಡವರು. ಅನೇಕರು ವಿಪರೀತ ಸಿಗರೇಟು ಸೇದಿದವರು. ಸತ್ತು ಎಷ್ಟೋ ಗಂಟೆಗಳಾದ ಮೇಲೆ ಮೆದುಳನ್ನು ತೆಗೆದಿರುತ್ತಾರೆ. ಶೇಕಡ 10ರ ವ್ಯತ್ಯಾಸವನ್ನು ಕಾಯಿಲೆಯ ಲೆಕ್ಕಕ್ಕೆ ಹಾಕುವುದು ಯಾವ ನ್ಯಾಯ? ನಾನು ಸಂಖ್ಯಾಶಾಸ್ತ್ರ ಕಲಿಸುವವನು. ಇಂಥ ದತ್ತಾಂಶವನ್ನು ವಿದ್ಯಾರ್ಥಿ ತಂದರೆ ನಾನು ಮೊದಲು ಕೇಳುವುದೇ ಇದನ್ನು.

ತುಂಗಾ (ಸಂಶೋಧಕಿ)

ಕೇಳಲೇಬೇಕಾದ ಪ್ರಶ್ನೆ ಸರ್. ಈ ಕ್ಷೇತ್ರ ಇಪ್ಪತ್ತು ವರ್ಷ ಒದ್ದಾಡಿದ್ದು ಇದರ ಜೊತೆಗೇ. 2000ದ ಸುಮಾರಿನಲ್ಲಿ ಹತ್ತಿಪ್ಪತ್ತು ಮೆದುಳುಗಳನ್ನು ಇಟ್ಟುಕೊಂಡು ಮಾಡಿದ ಅಧ್ಯಯನಗಳಲ್ಲಿ ಬಹಳಷ್ಟು ಮುಂದೆ ನಿಲ್ಲಲಿಲ್ಲ.

ಮರಣಾನಂತರ ಆರ್‌ಎನ್‌ಎ ಕೆಡುತ್ತಾ ಹೋಗುತ್ತದೆ. ಸಾಯುವ ಮುನ್ನ ರೋಗಿ ಬಹಳ ಹೊತ್ತು ನರಳಿದ್ದರೆ ಮೆದುಳಿನ ಆಮ್ಲೀಯತೆ ಹೆಚ್ಚಾಗಿರುತ್ತದೆ, ಅದರಿಂದಲೂ ಅಂಕಿಗಳು ಏರುಪೇರಾಗುತ್ತವೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿರುವ ಲೀಬರ್ ಎಂಬ ಮೆದುಳು ಸಂಶೋಧನಾ ಸಂಸ್ಥೆಯವರು ಮೆದುಳಿನ ಅಂಗಾಂಶವನ್ನು ಬೇಕೆಂದೇ ಬೇರೆ ಬೇರೆ ಅವಧಿಗೆ ಹೊರಗಿಟ್ಟು, ಯಾವ ಜೀನಿನ ಆರ್‌ಎನ್‌ಎ ಎಷ್ಟು ಬೇಗ ಕೆಡುತ್ತದೆ ಎಂದು ಅಳೆದು, ಆ ಪ್ರಭಾವವನ್ನು ಲೆಕ್ಕದಿಂದ ಕಳೆಯುವ ವಿಧಾನವನ್ನು 2017ರಲ್ಲಿ ಪ್ರಕಟಿಸಿದರು. ಹಾಗೆ ಕಳೆದಾಗ ಮೊದಲು ಕಂಡಿದ್ದ ಎಷ್ಟೋ ವ್ಯತ್ಯಾಸಗಳು ಮಾಯವಾದವು. ಉಳಿದವುಗಳ ಮೇಲೆ ನಮಗೆ ನಂಬಿಕೆ ಹೆಚ್ಚಿತು.

ಔಷಧಿಯ ವಿಷಯಕ್ಕೆ ಬಂದರೆ, 2018ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಸ್ಕಿಜೋಫ್ರೇನಿಯಾ, ಬೈಪೋಲಾರ್ (ಮನಸ್ಥಿತಿ ವಿಪರೀತ ಏರಿಳಿಯುವ ಕಾಯಿಲೆ), ಆಟಿಸಂ, ಖಿನ್ನತೆ, ಮದ್ಯವ್ಯಸನ ಇವುಗಳ ಸುಮಾರು 700 ಮೆದುಳಿನ ಮಾದರಿಗಳನ್ನು ಒಟ್ಟಿಗೆ ನೋಡಿತು. ಇದೇ ಔಷಧಿಗಳನ್ನು ಪಡೆದ ಕೋತಿಗಳ ಮೆದುಳಿನ ದತ್ತಾಂಶವನ್ನೂ ಪಕ್ಕದಲ್ಲಿಟ್ಟು ಹೋಲಿಸಿದರು. ಔಷಧಿಯಿಂದ ಆದ ಬದಲಾವಣೆಗಳಿಂದ ಕಾಯಿಲೆಯ ಮಾದರಿಯನ್ನು ವಿವರಿಸಲು ಆಗಲಿಲ್ಲ. ಇನ್ನೂ ಮುಖ್ಯವಾದದ್ದೆಂದರೆ, ಸ್ಕಿಜೋಫ್ರೇನಿಯಾ ಮತ್ತು ಬೈಪೋಲಾರ್ ಎರಡರಲ್ಲೂ ಅಭಿವ್ಯಕ್ತಿಯ ಬದಲಾವಣೆಗಳು ಬಹಳ ಹತ್ತಿರ ಇದ್ದವು. ಆನುವಂಶಿಕವಾಗಿ ಹತ್ತಿರವಿರುವ ಕಾಯಿಲೆಗಳು ಇಲ್ಲಿಯೂ ಹತ್ತಿರವೇ ಬಂದವು.

ನನ್ನ ಪಾಲಿಗೆ ಅತ್ಯಂತ ಗಟ್ಟಿಯಾದ ಆಧಾರ ಬೇರೆ ಇದೆ. ಹುಟ್ಟಿನಿಂದ ಬಂದ ಡಿಎನ್‌ಎ ಸರಣಿಯನ್ನು ಮಾತ್ರೆಯಾಗಲಿ ಸಿಗರೇಟಾಗಲಿ ಆಸ್ಪತ್ರೆಯಾಗಲಿ ಬದಲಿಸುವುದಿಲ್ಲ. ಆದ್ದರಿಂದ ಆನುವಂಶಿಕ ವ್ಯತ್ಯಾಸದಿಂದ ಹೊರಟು ಅಭಿವ್ಯಕ್ತಿಗೆ ಬಂದರೆ ನೀವು ಹೇಳಿದ ಗೊಂದಲ ಬಹುಪಾಲು ಕಳೆಯುತ್ತದೆ. 2016ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಸ್ಟೀವನ್ ಮೆಕ್‌ಕ್ಯಾರೊಲ್ ಮತ್ತು ಬೆತ್ ಸ್ಟೀವನ್ಸ್ ಅವರ ತಂಡಗಳು ಮಾಡಿದ್ದು ಇದನ್ನೇ. ಸ್ಕಿಜೋಫ್ರೇನಿಯಾದ ಅಪಾಯಕ್ಕೆ ಅತ್ಯಂತ ಬಲವಾಗಿ ತಳುಕು ಹಾಕಿಕೊಂಡಿದ್ದ ಜಾಗ ಆರನೆಯ ವರ್ಣತಂತುವಿನಲ್ಲಿ (ಡಿಎನ್‌ಎಯನ್ನು ಹೊತ್ತ ಎಳೆಗೆ ವರ್ಣತಂತು, ಕ್ರೋಮೋಸೋಮ್ ಎನ್ನುತ್ತೇವೆ), ರೋಗನಿರೋಧಕ ಜೀನ್‌ಗಳ ಮಧ್ಯೆ ಇತ್ತು. ಅಲ್ಲಿನ ಸಿ4 ಎಂಬ ಜೀನ್ ಒಬ್ಬೊಬ್ಬರಲ್ಲಿ ಒಂದೊಂದು ಸಂಖ್ಯೆಯ ಪ್ರತಿಗಳಲ್ಲಿ, ಬೇರೆ ಬೇರೆ ರೂಪಗಳಲ್ಲಿ ಇರುತ್ತದೆ. ಮೆದುಳಿನಲ್ಲಿ ಸಿ4ಎ ರೂಪದ ಆರ್‌ಎನ್‌ಎಯನ್ನು ಹೆಚ್ಚು ಉಂಟುಮಾಡುವ ರಚನೆಗಳೇ ಅಪಾಯವನ್ನೂ ಹೆಚ್ಚಿಸುತ್ತವೆ ಎಂದು ಅವರು ತೋರಿಸಿದರು. ಇಲಿಗಳಲ್ಲಿ ಈ ಪ್ರೋಟೀನು ನರಕೋಶಗಳ ನಡುವಿನ ಬೇಡದ ಸಂಪರ್ಕಗಳನ್ನು ಸವರಿಹಾಕುವ ಕೆಲಸಕ್ಕೆ ನೆರವಾಗುತ್ತದೆ. ಹದಿಹರೆಯದಲ್ಲಿ ನಮ್ಮೆಲ್ಲರ ಮೆದುಳಿನಲ್ಲೂ ಈ ಸವರುವಿಕೆ ಜೋರಾಗಿ ನಡೆಯುತ್ತದೆ. ಅದಾದ ಮೇಲೆ, ಹದಿನೆಂಟು ಇಪ್ಪತ್ತರ ಸುಮಾರಿಗೆ ಈ ಕಾಯಿಲೆ ಕಾಣಿಸಿಕೊಳ್ಳುವುದು ಕೇವಲ ಕಾಕತಾಳೀಯವಾಗಿರಲಾರದು ಎಂದು ಅನೇಕರ ಅಭಿಪ್ರಾಯ, ನನ್ನದೂ ಹೌದು.

ಹಾಗೆಂದು ಸಿ4 ಒಂದೇ ಕಾರಣವಲ್ಲ. ಅದು ಅಪಾಯವನ್ನು ಹೆಚ್ಚಿಸುವುದು ಅಲ್ಪ ಪ್ರಮಾಣದಲ್ಲಿ. 2022ರ ಅಂತರರಾಷ್ಟ್ರೀಯ ಅಧ್ಯಯನ ಡಿಎನ್‌ಎಯಲ್ಲಿ ಇಂಥ 287 ಜಾಗಗಳನ್ನು ಗುರುತಿಸಿದೆ.

ಅಂಕಿ ನೋಡುವವನು

ಡಿಎನ್‌ಎಯಿಂದ ಹೊರಡುವ ದಾರಿಯನ್ನು ಒಪ್ಪುತ್ತೇನೆ. ಕೋತಿಗಳ ಹೋಲಿಕೆಯನ್ನು ಪೂರ್ತಿ ಒಪ್ಪುವುದಿಲ್ಲ. ಮನುಷ್ಯರು ಇಪ್ಪತ್ತು ಮೂವತ್ತು ವರ್ಷ ನುಂಗಿದ ಔಷಧಿಗೆ ಅದು ಸಮನಾಗುವುದಿಲ್ಲ. ಇದು ನನ್ನ ಅನುಮಾನವಾಗಿಯೇ ಉಳಿಯಲಿ.

ಮನೋವೈದ್ಯ_ಹಾಸನ

ಹೊಳೆದಂಡೆ ಅವರ ಮೂಲ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಮದುವೆ ಕಾಯುವುದಿಲ್ಲ.

ಆ ಜೊಲ್ಲಿನ ಪರೀಕ್ಷೆ ಮಾಡಿಸಬೇಡಿ. ನಿಮ್ಮ ಅಣ್ಣನ ಮಗಳಿಗಾಗಲಿ, ಅವಳ ಮುಂದಿನ ಮಕ್ಕಳಿಗಾಗಲಿ ಸ್ಕಿಜೋಫ್ರೇನಿಯಾ ಬರುತ್ತದೆಯೋ ಇಲ್ಲವೋ ಎಂದು ಹೇಳಬಲ್ಲ ಪರೀಕ್ಷೆ ಜಗತ್ತಿನಲ್ಲಿ ಇಲ್ಲ. ಜೊಲ್ಲಿನಲ್ಲಿ ಸಿಗುವುದು ಡಿಎನ್‌ಎ. ಮೆದುಳಿನಲ್ಲಿ ಆ ಜೀನ್‌ಗಳು ಹೇಗೆ ಬಳಕೆಯಾಗುತ್ತಿವೆ ಎಂಬುದು ಜೊಲ್ಲಿನಲ್ಲಾಗಲಿ ರಕ್ತದಲ್ಲಾಗಲಿ ಕಾಣುವುದಿಲ್ಲ. ನೂರಾರು ಸಣ್ಣ ವ್ಯತ್ಯಾಸಗಳನ್ನು ಕೂಡಿಸಿ ಒಂದು ಅಂಕ ಕೊಡುವ ವಿಧಾನ ಸಂಶೋಧನೆಯಲ್ಲಿದೆ. ಅದರ ಆಧಾರ ಬಹುಪಾಲು ಯುರೋಪಿಯನ್ ಮೂಲದವರ ದತ್ತಾಂಶ, ನಮ್ಮವರಿಗೆ ಅದು ಇನ್ನೂ ಕಡಿಮೆ ಹೊಂದುತ್ತದೆ. ಅದನ್ನು ಮದುವೆಯ ಮಾತುಕತೆಗೆ ಮಾರುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ಗಂಡಿನ ಮನೆಯವರಿಗೆ ಇಷ್ಟು ಹೇಳಿ. ಜನಸಾಮಾನ್ಯರಲ್ಲಿ ಜೀವಮಾನದಲ್ಲಿ ಈ ಕಾಯಿಲೆ ಬರುವ ಸಂಭವ ನೂರರಲ್ಲಿ ಸುಮಾರು ಒಬ್ಬರಿಗೆ. ತಂದೆ ಅಥವಾ ತಾಯಿಗೆ ಇದ್ದಾಗ ಅದು ನೂರರಲ್ಲಿ ಹತ್ತರ ಆಸುಪಾಸಿಗೆ ಏರುತ್ತದೆ. ಏರಿಕೆ ನಿಜ, ಮುಚ್ಚಿಡುವುದು ಬೇಡ. ಆದರೆ ಅಂಥ ಮಕ್ಕಳಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ಈ ಕಾಯಿಲೆ ಬರುವುದಿಲ್ಲ ಎಂಬುದೂ ಅಷ್ಟೇ ನಿಜ.

ಜೀನ್ ಪರೀಕ್ಷೆಯಿಂದ ಉಪಯೋಗವೇ ಇಲ್ಲ ಎಂದಲ್ಲ. ರೋಗಿಗೆ ಹುಟ್ಟಿನಿಂದ ಹೃದಯದ ದೋಷ, ಸೀಳು ಅಂಗುಳ, ಕಲಿಕೆಯ ತೊಂದರೆ ಇದ್ದರೆ 22ನೆಯ ವರ್ಣತಂತುವಿನ ಒಂದು ತುಣುಕು ಇಲ್ಲದಿರುವ ಸ್ಥಿತಿಯನ್ನು ಹುಡುಕುತ್ತೇವೆ. ಆ ಸ್ಥಿತಿ ಇರುವವರಲ್ಲಿ ಸುಮಾರು ಕಾಲು ಭಾಗ ಜನರಿಗೆ ಸೈಕೋಸಿಸ್, ಅಂದರೆ ವಾಸ್ತವದ ಅರಿವು ತಪ್ಪುವ ಸ್ಥಿತಿ ಬರುತ್ತದೆ. ಅಪಸ್ಮಾರ, ಬೈಪೋಲಾರ್‌ಗಳಿಗೆ ಕೊಡುವ ಕಾರ್ಬಮಜೆಪೀನ್ ಮಾತ್ರೆ ಶುರು ಮಾಡುವ ಮುನ್ನ ಎಚ್‌ಎಲ್‌ಎ-ಬಿ 1502 ಎಂಬ ಜೀನ್ ರೂಪವನ್ನು ನೋಡುವುದರಿಂದ ಪ್ರಾಣಾಪಾಯದ ಚರ್ಮರೋಗವನ್ನು ತಪ್ಪಿಸಬಹುದು. ಇವೆಲ್ಲ ವೈದ್ಯರು ಕಾರಣ ನೋಡಿ ಬರೆಯುವ ಪರೀಕ್ಷೆಗಳು.

ಗದಗಿನ ಅಮ್ಮ

ನನ್ನ ಮಗನಿಗೆ ಈ ಕಾಯಿಲೆ. ಮೊದಮೊದಲು ಎಲ್ಲರೂ ನನ್ನನ್ನೇ ದೂರಿದರು. ಅತಿ ಮುದ್ದು ಮಾಡಿದೆ ಎಂದರು, ಕೆಲವರು ಪ್ರೀತಿಯೇ ತೋರಿಸಲಿಲ್ಲ ಎಂದರು. ಈಗ ಜೀನ್ ಎನ್ನುತ್ತಿದ್ದೀರಿ. ನನಗೆ ಭಯವಾಗುವುದು ಇಲ್ಲಿಯೇ. ಮೊದಲು ಬೆಳೆಸಿದ್ದು ತಪ್ಪು ಎನ್ನುತ್ತಿದ್ದರು, ಇನ್ನು ಮೇಲೆ ಹೆತ್ತದ್ದೇ ತಪ್ಪು ಎನ್ನುತ್ತಾರೆ. ನಿಮ್ಮ ವಿಜ್ಞಾನದಿಂದ ನಮ್ಮಂಥ ತಾಯಂದಿರಿಗೆ ಆದ ಒಳ್ಳೆಯದೇನು?

ಮನೋವೈದ್ಯ_ಹಾಸನ

ಅಮ್ಮಾ, ನಿಮ್ಮ ಮೇಲೆ ಆ ಆರೋಪ ಹೊರಿಸಿದ್ದರಲ್ಲಿ ನಮ್ಮ ವೃತ್ತಿಯ ಪಾಲೂ ಇದೆ. 1948ರಲ್ಲಿ ಫ್ರೀಡಾ ಫ್ರಾಮ್-ರೈಕ್‌ಮನ್ ಎಂಬ ಮನೋವೈದ್ಯೆ, ಕಾಯಿಲೆಯನ್ನು ಹುಟ್ಟುಹಾಕುವ ತಾಯಿ ಎಂಬ ಮಾತನ್ನು ಬಳಕೆಗೆ ತಂದರು. ದಶಕಗಳ ಕಾಲ ಅದನ್ನು ತರಗತಿಗಳಲ್ಲಿ ಕಲಿಸಿದರು. ಅದಕ್ಕೆ ಪುರಾವೆ ಇರಲಿಲ್ಲ. ಎಷ್ಟು ಮನೆಗಳು ಅದರಿಂದ ನೊಂದವೋ!

ತುಂಗಾ (ಸಂಶೋಧಕಿ)

ಅಮ್ಮಾ, ನಿಮ್ಮ ಭಯ ಸಹಜ. ನನಗೆ ತಿಳಿದದ್ದನ್ನು ಹೇಳುತ್ತೇನೆ. ಆ 287 ಜಾಗಗಳಲ್ಲಿನ ಅಪಾಯದ ರೂಪಗಳು ಬಹುಪಾಲು ಸಾಮಾನ್ಯವಾದವು. ಅವುಗಳಲ್ಲಿ ಹಲವು ನನ್ನಲ್ಲಿವೆ, ಈ ಚರ್ಚೆ ಓದುತ್ತಿರುವ ಪ್ರತಿಯೊಬ್ಬರಲ್ಲೂ ಇವೆ, ನಿಮ್ಮನ್ನು ದೂರಿದ ಬಂಧುಗಳಲ್ಲಿಯೂ ಇವೆ. ಯಾರಲ್ಲಿ ಎಷ್ಟು ಕೂಡಿಬಂದವು ಎಂಬುದರ ಮೇಲೆ ತಾಯಿಗೂ ತಂದೆಗೂ ಹಿಡಿತವಿಲ್ಲ.

ಇನ್ನೂ ಒಂದು ಸಂಗತಿ. ಡಿಎನ್‌ಎ ಒಂದೇ ಆಗಿರುವ ಅವಳಿಗಳಲ್ಲಿ ಒಬ್ಬರಿಗೆ ಕಾಯಿಲೆ ಇದ್ದರೆ ಇನ್ನೊಬ್ಬರಿಗೆ ಬರುವುದು ನೂರರಲ್ಲಿ ಐವತ್ತಕ್ಕಿಂತ ಹೆಚ್ಚಿಲ್ಲ. ಜೀನ್‌ಗಳೇ ಎಲ್ಲವೂ ಆಗಿದ್ದರೆ ಅದು ನೂರು ಆಗಬೇಕಿತ್ತು. ಉಳಿದ ಭಾಗದಲ್ಲಿ ಗರ್ಭದಲ್ಲಿದ್ದಾಗಿನ ಸ್ಥಿತಿ, ಹೆರಿಗೆಯ ತೊಡಕು, ಹದಿಹರೆಯದ ಗಾಂಜಾ, ಇನ್ನು ಶುದ್ಧ ಆಕಸ್ಮಿಕವೂ ಇದೆ. 1944-45ರ ಚಳಿಗಾಲದಲ್ಲಿ ಜರ್ಮನ್ ಸೇನೆಯ ದಿಗ್ಬಂಧನದಿಂದ ಪಶ್ಚಿಮ ನೆದರ್‌ಲ್ಯಾಂಡ್ಸ್ ಹಸಿವಿನಿಂದ ಕಂಗೆಟ್ಟಿತ್ತು. ಆ ಬರಗಾಲದ ತುತ್ತತುದಿಯಲ್ಲಿ ಗರ್ಭದಲ್ಲಿ ಮೂಡಿದ ಮಕ್ಕಳಿಗೆ ಮುಂದೆ ಸ್ಕಿಜೋಫ್ರೇನಿಯಾ ಬಂದದ್ದು ಇತರರಿಗಿಂತ ಸುಮಾರು ಎರಡು ಪಟ್ಟು. ಆರು ದಶಕಗಳ ನಂತರ ಹಾಗೆ ಗರ್ಭದಲ್ಲಿ ಹಸಿದವರ ರಕ್ತವನ್ನು ನೋಡಿದಾಗ, ಬೆಳವಣಿಗೆಗೆ ಸಂಬಂಧಿಸಿದ ಐಜಿಎಫ್2 ಎಂಬ ಜೀನಿನ ಬಳಿಯ, ಜೀನ್ ಬಳಕೆಯನ್ನು ಪ್ರಭಾವಿಸುವ ರಾಸಾಯನಿಕ ಗುರುತುಗಳು ಅವರ ಸ್ವಂತ ಅಣ್ಣತಮ್ಮಂದಿರು, ಅಕ್ಕತಂಗಿಯರಿಗಿಂತ ಭಿನ್ನವಾಗಿದ್ದವು. ಹಸಿದ ತಾಯಂದಿರದು ಏನು ತಪ್ಪಿತ್ತು ಅಮ್ಮಾ? ನಿಮ್ಮದೂ ಅಷ್ಟೇ.

ಗದಗಿನ ಅಮ್ಮ

ಇದನ್ನು ನನ್ನ ನಾದಿನಿಗೆ ಓದಿಸುತ್ತೇನೆ, ತಾಯಿ.

ಬೆಳಗಿನ ನಡಿಗೆ

ನನಗೇ ಈ ಕಾಯಿಲೆ ಇದೆ. ಎಲ್ಲರೂ ನಮ್ಮ ಬಗ್ಗೆ ಮಾತನಾಡುತ್ತಿದ್ದೀರಿ, ಆದ್ದರಿಂದ ನಾನೂ ಬರೆಯುತ್ತಿದ್ದೇನೆ. ಮಾತ್ರೆಯಿಂದ ಕಿವಿಯಲ್ಲಿ ಕೇಳುತ್ತಿದ್ದ ಧ್ವನಿಗಳು ನಿಂತಿವೆ, ಯಾರೋ ಹಿಂಬಾಲಿಸುತ್ತಿದ್ದಾರೆ ಎಂಬ ಭಯ ಹೋಗಿದೆ. ಹೋಗದೇ ಉಳಿದಿರುವುದು ಬೇರೆ. ಅಂಗಡಿಗೆ ಹೋದರೆ ನಾಲ್ಕನೆಯ ಸಾಮಾನು ನೆನಪಾಗುವುದಿಲ್ಲ. ಎರಡು ಮೂರು ಜನ ಒಟ್ಟಿಗೆ ಮಾತನಾಡಿದರೆ ಎಳೆ ತಪ್ಪುತ್ತದೆ. ಮೊದಲು ಲೆಕ್ಕಪತ್ರ ಬರೆಯುತ್ತಿದ್ದೆ, ಈಗ ಆಗುವುದಿಲ್ಲ. ಮನೆಯವರು ಸೋಮಾರಿತನ ಎನ್ನುತ್ತಾರೆ. ನಿಮ್ಮ ಸಂಶೋಧನೆಯಲ್ಲಿ ಇದರ ಬಗ್ಗೆ ಏನಾದರೂ ಇದೆಯೇ?

ತುಂಗಾ (ಸಂಶೋಧಕಿ)

ಬರೆದದ್ದಕ್ಕೆ ತುಂಬಾ ಧನ್ಯವಾದಗಳು. ಅದು ಸೋಮಾರಿತನವಲ್ಲ. ನಿಮ್ಮ ಪ್ರಶ್ನೆಗೆ ಈಚಿನ ಕೆಲಸ ಬಹಳ ಹತ್ತಿರ ಬಂದಿದೆ.

ಹಿಂದೆ ಮೆದುಳಿನ ಒಂದು ಚೂರನ್ನು ಅರೆದು ಎಲ್ಲ ಕೋಶಗಳ ಆರ್‌ಎನ್‌ಎಯನ್ನೂ ಒಟ್ಟಿಗೆ ಅಳೆಯುತ್ತಿದ್ದರು. ಈಗ ಒಂದೊಂದು ಕೋಶದ ಕೇಂದ್ರವನ್ನೂ ಬೇರ್ಪಡಿಸಿ ಓದಬಹುದು. 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು 22ರಿಂದ 97 ವರ್ಷದವರೆಗಿನ 191 ದಾನಿಗಳ ಮೆದುಳಿನ ಮುಂಭಾಗವನ್ನು ಹೀಗೆ ಓದಿತು. ನೀವು ಹೇಳಿದ ಸಾಮಾನಿನ ಪಟ್ಟಿಯನ್ನು ಮನಸ್ಸಿನಲ್ಲಿ ಹಿಡಿದಿಡುವ ಕೆಲಸಕ್ಕೆ ಬೇಕಾಗುವುದು ಇದೇ ಭಾಗ. ಅಲ್ಲಿ ನರಕೋಶಗಳು ತಮ್ಮ ಸಂಪರ್ಕಗಳಿಗೆ, ಅಂದರೆ ಸಿನಾಪ್ಸ್‌ಗಳಿಗೆ ಬೇಕಾದ ಜೀನ್‌ಗಳನ್ನು ಹೆಚ್ಚು ಬಳಸುತ್ತಿದ್ದವರಲ್ಲಿ, ಪಕ್ಕದಲ್ಲಿದ್ದು ಅವುಗಳನ್ನು ಪೋಷಿಸುವ ಆಸ್ಟ್ರೋಸೈಟ್ ಕೋಶಗಳೂ ಸಂಬಂಧಿಸಿದ ಜೀನ್‌ಗಳನ್ನು ಹೆಚ್ಚು ಬಳಸುತ್ತಿದ್ದವು. ಎರಡು ಬಗೆಯ ಕೋಶಗಳು ಜೊತೆಯಾಗಿಯೇ ಏರುತ್ತವೆ, ಜೊತೆಯಾಗಿಯೇ ಇಳಿಯುತ್ತವೆ. ಸ್ಕಿಜೋಫ್ರೇನಿಯಾ ಇದ್ದವರಲ್ಲಿ ಈ ಜೊತೆಯ ಕೆಲಸ ಕಡಿಮೆಯಾಗಿತ್ತು. ಕಾಯಿಲೆ ಇಲ್ಲದ ಹಿರಿಯರಲ್ಲಿಯೂ ವಯಸ್ಸಾದಂತೆ ಅದು ಕಡಿಮೆಯಾಗುತ್ತಾ ಹೋಗಿತ್ತು. ಯೋಚನೆಯ ವೇಗ, ನೆನಪು, ಹೊಂದಿಕೊಳ್ಳುವ ಶಕ್ತಿ ಎರಡು ಸ್ಥಿತಿಗಳಲ್ಲೂ ಕುಗ್ಗುವುದಕ್ಕೆ ಇದು ಕಾರಣವಿರಬಹುದು ಎಂಬುದು ಆ ತಂಡದ ಊಹೆ. ಊಹೆ ಎಂದೇ ಹೇಳುತ್ತೇನೆ, ಸಾಬೀತಾಗಿಲ್ಲ.

ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು, ಆ ಅಧ್ಯಯನದಲ್ಲಿ ಕಾಯಿಲೆ ಇದ್ದವರು ಒಂದು ಗುಂಪು, ಇಲ್ಲದವರು ಇನ್ನೊಂದು ಗುಂಪು ಎಂದು ಕಡಿದು ಬೇರಾಗಲಿಲ್ಲ ಎನ್ನುವುದು. ಎಲ್ಲರೂ ಒಂದೇ ಅಳತೆಯ ಮೇಲೆ ಅಲ್ಲಲ್ಲಿ ನಿಂತಿದ್ದರು. ನಿಮ್ಮ ಮನೆಯ ಅಜ್ಜನಿಗೆ ಹೆಸರು ಮರೆತಾಗ ಯಾರೂ ಸೋಮಾರಿ ಎನ್ನುವುದಿಲ್ಲವಲ್ಲ?

ಮನೋವೈದ್ಯ_ಹಾಸನ

ಬೆಳಗಿನ ನಡಿಗೆ ಅವರೇ, ಇಂದಿನ ಮಾತ್ರೆಗಳು ಹೆಚ್ಚಾಗಿ ನರಕೋಶಗಳ ಡೋಪಮೈನ್ ಗ್ರಾಹಕಗಳ ಮೇಲೆ, ಅಂದರೆ ಡೋಪಮೈನ್ ಎಂಬ ರಾಸಾಯನಿಕ ಸಂದೇಶವನ್ನು ಸ್ವೀಕರಿಸುವ ಪ್ರೋಟೀನುಗಳ ಮೇಲೆ ಕೆಲಸ ಮಾಡುತ್ತವೆ, ಧ್ವನಿ ಮತ್ತು ಸಂಶಯಗಳಿಗೆ ಒಳ್ಳೆಯವು. ನೆನಪು ಮತ್ತು ಯೋಚನೆಯ ತೊಂದರೆಗೆ ಅವುಗಳಿಂದ ಹೆಚ್ಚು ಸಹಾಯವಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಜನೋಮೆಲಿನ್-ಟ್ರೋಸ್ಪಿಯಂ ಬೇರೆ ದಾರಿಯದು, ಮಸ್ಕರಿನಿಕ್ ಎಂಬ ಇನ್ನೊಂದು ಬಗೆಯ ಗ್ರಾಹಕಗಳ ಮೇಲೆ ಕೆಲಸ ಮಾಡುತ್ತದೆ. ಆದರೆ ಔಷಧಿಗೆ ಕಾಯಬೇಕಾಗಿಲ್ಲ. ನೆನಪು ಮತ್ತು ಗಮನಕ್ಕೆ ಅಭ್ಯಾಸ ಕೊಡುವ ತರಬೇತಿ, ನಿಯಮಿತ ವ್ಯಾಯಾಮ, ಬೆಂಬಲದೊಂದಿಗೆ ಕೆಲಸಕ್ಕೆ ಮರಳುವ ಪುನರ್ವಸತಿ ಇವುಗಳಿಂದ ಅನೇಕರಿಗೆ ಅನುಕೂಲವಾಗಿದೆ. ನಿಮ್ಮ ವೈದ್ಯರ ಬಳಿ ಇದನ್ನು ಬಾಯಿಬಿಟ್ಟು ಕೇಳಿ. ಧ್ವನಿ ಕೇಳುತ್ತದೆಯೇ ಎಂದು ವಿಚಾರಿಸಿ ಚೀಟಿ ಬರೆದುಕೊಡುವ ಅವಸರದಲ್ಲಿ ನಾವು ಇದನ್ನು ವಿಚಾರಿಸುವುದೇ ಇಲ್ಲ.

ಅಂಕಿ ನೋಡುವವನು

ಈ ದಾನಿಗಳೆಲ್ಲ ಯಾವ ದೇಶದವರು? ನಮ್ಮವರ ಮೆದುಳಿನ ಬಗ್ಗೆ ಯಾರಾದರೂ ಕೆಲಸ ಮಾಡುತ್ತಿದ್ದಾರೆಯೇ?

ತುಂಗಾ (ಸಂಶೋಧಕಿ)

ಇಂಥ ದೊಡ್ಡ ಅಧ್ಯಯನಗಳ ದಾನಿಗಳು ಬಹುಪಾಲು ಅಮೆರಿಕ ಮತ್ತು ಯುರೋಪಿನವರು. ಇದು ನಿಜವಾದ ಕೊರತೆ.

ಬೆಂಗಳೂರಿನಲ್ಲಿ ಎರಡು ದಾರಿಗಳಿವೆ. ನಿಮ್ಹಾನ್ಸ್‌ನಲ್ಲಿ 1995ರಿಂದ ಮಾನವ ಮೆದುಳಿನ ಬ್ಯಾಂಕ್ ಇದೆ, ನರರೋಗಶಾಸ್ತ್ರಜ್ಞ ಎಸ್. ಕೆ. ಶಂಕರ್ ಅವರು ಕಟ್ಟಿ ಬೆಳೆಸಿದ್ದು. ಇನ್ನೊಂದು, ನಿಮ್ಹಾನ್ಸ್ ಜೊತೆಗೆ ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಗಳು ಸೇರಿ ನಡೆಸಿದ ಆಕರಕೋಶಗಳ (ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶಗಳು, ಸ್ಟೆಮ್ ಸೆಲ್) ಕಾರ್ಯಕ್ರಮ. ಒಂದೇ ಕುಟುಂಬದಲ್ಲಿ ಹಲವರಿಗೆ ತೀವ್ರ ಮಾನಸಿಕ ಕಾಯಿಲೆ ಇರುವ ಮನೆಗಳವರು ಒಪ್ಪಿ ರಕ್ತ ಕೊಡುತ್ತಾರೆ. ಆ ರಕ್ತದ ಕೋಶಗಳನ್ನು ಆಕರಕೋಶಗಳಾಗಿ ಹಿಂದಿರುಗಿಸಿ, ಮತ್ತೆ ನರಕೋಶಗಳಾಗಿ ಬೆಳೆಸುತ್ತಾರೆ. ಕಾಯಿಲೆ ಇರುವವರದು, ಇಲ್ಲದ ಒಡಹುಟ್ಟಿದವರದು ಎರಡನ್ನೂ ಪಕ್ಕಪಕ್ಕದಲ್ಲಿ ಬೆಳೆಸಿ ಜೀನ್ ಅಭಿವ್ಯಕ್ತಿಯನ್ನು ನೋಡಬಹುದು. ಇಲ್ಲಿ ಸಿಗರೇಟೂ ಇಲ್ಲ, ಮಾತ್ರೆಯೂ ಇಲ್ಲ, ಮರಣಾನಂತರದ ಗಂಟೆಗಳೂ ಇಲ್ಲ. ಕೊರತೆ ಏನೆಂದರೆ ತಟ್ಟೆಯಲ್ಲಿ ಬೆಳೆದ ನರಕೋಶ ಇನ್ನೂ ಭ್ರೂಣದ ಹಂತದ್ದು, ಅದಕ್ಕೆ ಬದುಕಿನ ಅನುಭವವಿಲ್ಲ. ಆದ್ದರಿಂದ ದಾನವಾಗಿ ಬಂದ ಮೆದುಳಿಗೆ ಅದು ಬದಲಿಯಾಗುವುದಿಲ್ಲ.

ಮೆದುಳುದಾನದ ಬಗ್ಗೆ ನಮ್ಮಲ್ಲಿ ಕಣ್ಣುದಾನದಷ್ಟು ಮಾತು ನಡೆಯುವುದಿಲ್ಲ. ಮೆದುಳನ್ನು ತೆಗೆದ ಮೇಲೆ ದೇಹವನ್ನು ಸಂಸ್ಕಾರಕ್ಕೆ ಮನೆಯವರಿಗೆ ಹಿಂದಿರುಗಿಸುತ್ತಾರೆ. ಬದುಕಿದ್ದಾಗ ಇಚ್ಛೆ ತಿಳಿಸಿದ್ದರೂ, ತೀರಿಕೊಂಡಾಗ ಒಪ್ಪಿ ಬೇಗ ಕರೆ ಮಾಡಬೇಕಾದವರು ಮನೆಯವರೇ, ಆದ್ದರಿಂದ ಅವರಿಗೆ ಮೊದಲೇ ಗೊತ್ತಿರಬೇಕು. ಕಾಯಿಲೆ ಇಲ್ಲದವರ ಮೆದುಳೂ ಅಷ್ಟೇ ಬೇಕು. ಆ 279 ಮಂದಿ ಇರದಿದ್ದರೆ ಆ 258 ಮಂದಿಯಿಂದ ನಾವು ಏನನ್ನೂ ಕಲಿಯುತ್ತಿರಲಿಲ್ಲ.

ಹೊಳೆದಂಡೆ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ನಿನ್ನೆ ಅಣ್ಣ, ಅತ್ತಿಗೆ, ಮಗಳು ಎಲ್ಲರನ್ನೂ ಕೂರಿಸಿಕೊಂಡು ಇದನ್ನು ಓದಿದೆ. ಪರೀಕ್ಷೆ ಮಾಡಿಸುವುದಿಲ್ಲ ಎಂದು ಗಂಡಿನ ಮನೆಗೆ ಕಾರಣಸಮೇತ ತಿಳಿಸಿದ್ದೇವೆ, ಅವರು ಇನ್ನೂ ಉತ್ತರಿಸಿಲ್ಲ. ರಕ್ತ ಕೊಡಲು ಅಣ್ಣ ತಾನಾಗಿಯೇ ಮುಂದೆ ಬಂದಿದ್ದಾನೆ, ಯಾರನ್ನು ಕೇಳಬೇಕು?

ತುಂಗಾ (ಸಂಶೋಧಕಿ)

ನಿಮ್ಹಾನ್ಸ್‌ನ ಮನೋವೈದ್ಯಶಾಸ್ತ್ರ ವಿಭಾಗದಲ್ಲಿ ವಿಚಾರಿಸಿ. ಸಂಶೋಧನೆಗೆ ಸೇರುವಾಗ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿಯೇ ಕೇಳಿ, ಪೂರ್ತಿ ಓದಿಸಿಕೊಂಡ ಮೇಲೆಯೇ ಸಹಿ ಮಾಡಲಿ. ಯಾವಾಗ ಬೇಕಾದರೂ ಹಿಂದೆ ಸರಿಯುವ ಹಕ್ಕು ಅವರಿಗಿರುತ್ತದೆ.

ಹೊಸ ಸದಸ್ಯೆ

ತಡವಾಗಿ ಕೇಳುತ್ತಿದ್ದೇನೆ. ನನ್ನ ತಂಗಿಗೆ ಬೈಪೋಲಾರ್ ಇದೆ, ವ್ಯಾಲ್‌ಪ್ರೊಯೇಟ್ ಮಾತ್ರೆಯಲ್ಲಿ ಚೆನ್ನಾಗಿದ್ದಾಳೆ. ಕಳೆದ ತಿಂಗಳು ಮದುವೆಯಾಯಿತು. ಆ ಮಾತ್ರೆಯೂ ಜೀನ್‌ಗಳನ್ನು ಬದಲಿಸುತ್ತದೆ ಎಂದು ಯಾರೋ ಹೇಳಿದರು. ನಿಲ್ಲಿಸಬೇಕೇ?

ಮನೋವೈದ್ಯ_ಹಾಸನ

ತಾವಾಗಿಯೇ ನಿಲ್ಲಿಸಬೇಡಿ. ಆದರೆ ಈ ವಾರವೇ ಅವಳ ವೈದ್ಯರನ್ನು ಕಾಣಿ, ಮುಂದೂಡಬೇಡಿ.

ವ್ಯಾಲ್‌ಪ್ರೊಯೇಟ್ ಡಿಎನ್‌ಎಯನ್ನು ಬದಲಿಸುವುದಿಲ್ಲ. ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನುಗಳ ಮೇಲಿನ ಗುರುತುಗಳನ್ನು ಅಳಿಸುವ ಕಿಣ್ವವನ್ನು ತಡೆದು, ಅನೇಕ ಜೀನ್‌ಗಳ ಬಳಕೆಯನ್ನು ಏರುಪೇರು ಮಾಡುತ್ತದೆ. ಗರ್ಭದಲ್ಲಿ ಅಂಗಗಳು ರೂಪುಗೊಳ್ಳುವಾಗ ಅದು ಅಪಾಯಕಾರಿ: ಈ ಮಾತ್ರೆಯಲ್ಲಿದ್ದ ತಾಯಂದಿರ ಮಕ್ಕಳಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ ಹುಟ್ಟುದೋಷಗಳು, ಮೂವತ್ತರಿಂದ ನಲವತ್ತು ಮಂದಿಗೆ ಬೆಳವಣಿಗೆ ಮತ್ತು ಕಲಿಕೆಯ ತೊಂದರೆಗಳು ಕಂಡಿವೆ. ಆದ್ದರಿಂದ ಗರ್ಭ ಧರಿಸುವ ಮೊದಲೇ ಬೇರೆ ಔಷಧಿಗೆ ನಿಧಾನವಾಗಿ ಬದಲಾಯಿಸಬೇಕು. ಅಲ್ಲಿಯವರೆಗೆ ಗರ್ಭನಿರೋಧಕ ಬಳಸಲಿ, ಫೋಲಿಕ್ ಆಮ್ಲದ ಪ್ರಮಾಣವನ್ನೂ ವೈದ್ಯರನ್ನು ಕೇಳಲಿ. ಮಾತ್ರೆಯನ್ನು ಏಕಾಏಕಿ ಬಿಟ್ಟರೆ ಕಾಯಿಲೆ ಮರುಕಳಿಸಬಹುದು, ಅದೂ ತಾಯಿಗೂ ಮಗುವಿಗೂ ಒಳ್ಳೆಯದಲ್ಲ. ಹತ್ತಿರದಲ್ಲಿ ಮನೋವೈದ್ಯರು ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ಗೆ, 14416ಕ್ಕೆ, ಕರೆ ಮಾಡಿ. ಕನ್ನಡದಲ್ಲಿಯೇ ಮಾತನಾಡುತ್ತಾರೆ, ಶುಲ್ಕವಿಲ್ಲ. ಮಾತ್ರೆಯ ಹೆಸರು, ಪ್ರಮಾಣ, ಕೊನೆಯ ಮುಟ್ಟಿನ ದಿನ ಇವನ್ನು ಬರೆದಿಟ್ಟುಕೊಂಡೇ ಕರೆ ಮಾಡಿ.